ವಾಲಬಿಗಳಿಗೆ ಸದ್ದು ಕೊಟ್ಟವರು

ಇಸ್ತ್ರಿ ಮಾಡಿದ ಬಿಳಿ ಶರ್ಟಿನ ತೋಳನ್ನು ಮೊಣಕೈವರೆಗೆ ಮಡಿಸಿ, ಎರಡೂ ಕೈಗೆ ದಪ್ಪ ಉಣ್ಣೆಯ ಕಾಲುಚೀಲ ಏರಿಸಿಕೊಂಡು, ಮಣ್ಣು ತುಂಬಿದ ಅಗಲವಾದ ಟ್ರೇಯ ಮುಂದೆ ಮಂಡಿಯೂರಿ ಕೂತಿದ್ದರು ಅವರು. ಕಣ್ಣು ಎದುರಿನ ಪರದೆಯ ಮೇಲಿತ್ತು. ಅಲ್ಲಿ ವಾಲಬಿಯೊಂದು ಕುಪ್ಪಳಿಸಿದಾಗಲೆಲ್ಲ ಇಲ್ಲಿ ಅವರ ಎರಡು ಮುಷ್ಟಿಗಳು ಒಟ್ಟಿಗೆ ಮಣ್ಣಿಗೆ ಬೀಳುತ್ತಿದ್ದವು. ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಕೊವಿನಾದಲ್ಲಿ ಅವರ ಮನೆಯ ಗರಾಜಿನ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದ ನನ್ನತ್ತ ತಿರುಗದೆಯೇ, "ಚಪ್ಪಲಿ ಅಲ್ಲೇ ಬಿಡಮ್ಮ. ಅದರ ಸದ್ದು ನನ್ನ ಮೈಕಿಗೆ ಆಗಿಬರಲ್ಲ," ಎಂದರು.

ಅದು ೨೦೨೦ರ ಬೇಸಿಗೆ. ಕೋವಿಡ್‌ನಿಂದಾಗಿ ಲಾಸ್ ಏಂಜಲೀಸಿನ ಸ್ಟುಡಿಯೋಗಳೆಲ್ಲ ಬಾಗಿಲು ಹಾಕಿದ್ದವು. ನಾನಿದ್ದ ಸಣ್ಣ ಕಂಪನಿ ಆಸ್ಟ್ರೇಲಿಯಾದ ಕಾಡು ವಾಲಬಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿತ್ತು. ವಾಲಬಿ ಎಂದರೆ ಕಾಂಗರೂವಿನ ಚಿಕ್ಕ ದಾಯಾದಿ. ಗಂಡುಗಳು ಹೆಣ್ಣನ್ನು ಹೇಗೆ ಒಲಿಸಿಕೊಳ್ಳುತ್ತವೆ, ತಮ್ಮತಮ್ಮಲ್ಲಿ ಹೇಗೆ ಸೆಣಸುತ್ತವೆ ಎನ್ನುವುದೇ ಚಿತ್ರದ ವಿಷಯ. ಇಂಥ ದೃಶ್ಯಗಳನ್ನು ಬಹಳ ದೂರದಿಂದ ತೆಗೆಯುವುದರಿಂದ ಹೆಜ್ಜೆ, ಉಸಿರು ಯಾವುದೂ ಮೈಕಿಗೆ ಸಿಕ್ಕಿರುವುದಿಲ್ಲ. ಆಮೇಲೆ ಯಾರಾದರೂ ಕೂತು ಕೈಯಿಂದ, ಬಾಯಿಂದ, ಮನೆಯ ಸಾಮಾನಿನಿಂದ ಆ ಸದ್ದುಗಳನ್ನು ಮಾಡಿ ಸೇರಿಸಬೇಕು. ಅವರದು ಅದೇ ಕಸುಬು. ಅವರ ಸದ್ದನ್ನು ಚಿತ್ರಕ್ಕೆ ಹೊಂದಿಸುವುದು, ನಿರ್ದೇಶಕನ ಮಾತನ್ನು ಅವರಿಗೆ ಮುಟ್ಟಿಸುವುದು ನನ್ನ ಕೆಲಸ.

ಮೊದಲ ದಿನ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದೆವು. ಆ ಇಂಗ್ಲಿಷಿನ ನಡುವೆ ಅವರು "ಅಮ್ಮ" ಎಂದದ್ದನ್ನು ನಾನು ಗಮನಿಸಿಯೂ ಸುಮ್ಮನಿದ್ದೆ. ಮಧ್ಯೆ ನಾನು ಯಾವುದೋ ಬಟನ್ ಒತ್ತಿ ಎಲ್ಲ ನಿಂತುಹೋದಾಗ ನನ್ನ ಬಾಯಿಂದ, "ಎಂತ ಆಯ್ತು ಇದು," ಎಂದು ಬಂತು. ಅವರು ಕಾಲುಚೀಲದ ಕೈಯನ್ನು ಎದೆಗೆ ಇಟ್ಟುಕೊಂಡು ನಕ್ಕರು. "ಉಡುಪಿಯೋ ಮಂಗಳೂರೋ? ನಾನು ಮೈಸೂರು, ಮಂಡಿ ಮೊಹಲ್ಲಾ." ಆ ಹೊತ್ತಿನಿಂದ ಅವರು ನನಗೆ ಅಂಕಲ್.

ಗರಾಜಿನ ಧೂಳಿನಲ್ಲೂ ಅವರಿಗೆ ಇಸ್ತ್ರಿಯ ಶರ್ಟು, ಅತ್ತರು ಬೇಕು. ಸಿಟ್ಟು ಮೂಗಿನ ತುದಿಯಲ್ಲೇ. ಫೋನಿನಲ್ಲಿ ಯಾರಾದರೂ ಅವಸರ ಮಾಡಿದರೆ ಮಾತಿನ ನಡುವೆಯೇ ಇಟ್ಟುಬಿಡುವರು. ನನಗೆ ಪದೇ ಪದೇ ಹೇಳುತ್ತಿದ್ದದ್ದು ಒಂದೇ: "ಮೊದಲು ಪೂರ್ತಿ ನೋಡು. ಅರ್ಧ ನೋಡಿದೋರು ಮಾಡಿದ ಸದ್ದು ಅರ್ಧ ಸುಳ್ಳು."

ಪೂರ್ತಿ ನೋಡಿಯೂ ಅವರು ತಪ್ಪುತ್ತಿದ್ದರು. ವಾಲಬಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದ ಲಾ ಹೋಯಾದ ವಿಜ್ಞಾನಿಯೊಬ್ಬರು ಚಿತ್ರಕ್ಕೆ ಸಲಹೆಗಾರ್ತಿ. ಆಕೆ ವಿಡಿಯೋ ಕಾಲ್‌ನಲ್ಲಿ, ಮೆಲ್ಲಗೆ ನಡೆಯುವಾಗ ವಾಲಬಿ ಬಾಲವನ್ನೂ ಊರುತ್ತದೆ, ನಿಮ್ಮ ಹೆಜ್ಜೆಗಳಲ್ಲಿ ಬಾಲವೇ ಇಲ್ಲ ಎಂದರು. ಅಂಕಲ್ ಕಾಲುಚೀಲ ಕಿತ್ತಿಟ್ಟು ಒಳಗೆ ಹೋದರು. ಮರುದಿನ ನಾನು ಹೋದಾಗ ಒದ್ದೆ ಟವೆಲನ್ನು ಬಿಗಿಯಾಗಿ ಸುತ್ತಿ ಬಾಲ ಮಾಡಿಕೊಂಡು, ಅಷ್ಟೂ ದೃಶ್ಯಗಳನ್ನು ಮೊದಲಿನಿಂದ ಮಾಡುತ್ತಿದ್ದರು.

ಒಲಿಸಿಕೊಳ್ಳುವ ದೃಶ್ಯ ಅವರಿಗೆ ಬಹಳ ಇಷ್ಟ. ಗಂಡು ಬಾಲವನ್ನು ಅತ್ತಿಂದಿತ್ತ ಬಳುಕಿಸುತ್ತ ಹೆಣ್ಣಿನ ಹಿಂದೆ ಬರುತ್ತದೆ. ಗಂಟಲಲ್ಲೇ ಲೊಚ್ ಲೊಚ್ ಎಂದು ಮೆದುವಾಗಿ ಕರೆಯುತ್ತದೆ. ಹೆಣ್ಣು ತಲೆಯೆತ್ತದೆ ಮೇಯುತ್ತಿರುತ್ತದೆ. ಆ ಕರೆಯನ್ನು ಅಂಕಲ್ ತಮ್ಮ ನಾಲಿಗೆಯಿಂದಲೇ ಮಾಡುತ್ತಿದ್ದರು. ಚಹಾ ತಂದ ಅವರ ಹೆಂಡತಿ, ನನ್ನ ಪಾಲಿಗೆ ಆಂಟಿ, ಬಾಗಿಲಲ್ಲಿ ನಿಂತು ಕೇಳಿ, "ನನ್ನನ್ನ ಒಂದಿನಾನೂ ಇಷ್ಟು ಮೆತ್ತಗೆ ಕರೆದಿಲ್ಲ ನೋಡು," ಎಂದರು.

"ನೀನು ಒಂದಿನಾನೂ ಮೇಯೋದು ನಿಲ್ಲಿಸಿಲ್ಲ," ಎಂದರು ಅಂಕಲ್. ಆಂಟಿ ಚಹಾ ಕೊಡದೆ ವಾಪಸು ಹೋದರು. ಅಂಕಲ್ ಒಳಗೆ ಹೋಗಿ ಸಮಾಧಾನ ಮಾಡಿ ತರಬೇಕಾಯಿತು.

ತೊಡಕು ಬಂದದ್ದು ಸೆಣಸಾಟದ ದೃಶ್ಯದಲ್ಲಿ. ಎರಡು ಗಂಡುಗಳು ಹಿಂಗಾಲಿನ ತುದಿಯಲ್ಲಿ ನಿಂತು ಎತ್ತರ ತೋರಿಸುತ್ತವೆ. ಹುಲ್ಲು ಕೀಳುತ್ತವೆ. ಒಂದರ ಕತ್ತನ್ನು ಒಂದು ತಬ್ಬಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಾಲಿನಿಂದ ಒದೆಯುತ್ತವೆ. ಇನ್ನೇನು ದೊಡ್ಡದು ಚಿಕ್ಕದನ್ನು ಕೆಡವುತ್ತದೆ ಎನ್ನುವಾಗ ಚಿಕ್ಕದು ಬಾಯಿ ತೆರೆಯುತ್ತದೆ, ದೊಡ್ಡದು ಬಿಟ್ಟುಬಿಡುತ್ತದೆ. ಚಿಕ್ಕದು ಆಗ ಕೆಮ್ಮುತ್ತದೆ, ಸೋತೆ ಎಂದು ಹೇಳುವ ರೀತಿ ಅದು ಎಂದು ವಿಜ್ಞಾನಿ ವಿವರಿಸಿದ್ದರು. ಅಂಕಲ್ ಒಂದು ದಿನವಿಡೀ ಒದ್ದಾಡಿ ಆ ಕೆಮ್ಮನ್ನು ಮಾಡಿದರು. ಒಣಗಿದ, ಗಿಡ್ಡ ಕೆಮ್ಮು. ಹೆಡ್‌ಫೋನಿನಲ್ಲಿ ಕೇಳಿ, ದೃಶ್ಯಕ್ಕೆ ಹೊಂದಿಸಿ, ಅಂದೇ ನಿರ್ದೇಶಕನಿಗೆ ಕಳಿಸಿದೆ.

ನಿರ್ದೇಶಕನಿಂದ ಒಂದೇ ಸಾಲಿನ ಉತ್ತರ ಬಂತು: ಕೆಮ್ಮು ಬೇಡ, ತೆಗೆಯಿರಿ.

ಅಂಕಲ್ ಒಪ್ಪಲಿಲ್ಲ. "ಅದನ್ನ ತೆಗೆದ್ರೆ ದೊಡ್ಡದು ಯಾಕೆ ಬಿಟ್ಟಿತು ಅಂತ ಯಾರಿಗೆ ಗೊತ್ತಾಗುತ್ತೆ? ಬೇಜಾರಾಗಿ ಎದ್ದು ಹೋದ ಹಾಗಿರುತ್ತೆ. ಇಡೀ ಸಿನಿಮಾ ಇರೋದೇ ಆ ಕೆಮ್ಮಲ್ಲಿ." ನಾನು ಎರಡು ಸಲ ನಿರ್ದೇಶಕನಿಗೆ ಹೇಳಿ ನೋಡಿದೆ, ಎರಡನೆಯ ಸಲ ಅವನು ದನಿಯೇರಿಸಿದ. ಅಂಕಲ್ ಮೊಂಡು ಹಿಡಿದರೆ ಬೇರೆಯವರಿಂದ ಮಾಡಿಸುತ್ತೇನೆ ಎಂದ. ಕಂಪನಿ ಆಗಲೇ ಹಲವರನ್ನು ಮನೆಗೆ ಕಳಿಸಿತ್ತು. ನನ್ನ ವೀಸಾ ಆ ಕೆಲಸವನ್ನೇ ನೆಚ್ಚಿಕೊಂಡಿತ್ತು. ನನ್ನ ಮುಖ ನೋಡಿ ಅಂಕಲ್, "ಇನ್ನು ನೀನು ಮಧ್ಯೆ ಬರಬೇಡ. ನಾನೇ ಮಾತಾಡ್ತೀನಿ, ಕಾಲ್ ಹಾಕು," ಎಂದರು.

ಕಾಲ್‌ನಲ್ಲಿ ಅವರು ವಾದ ಮಾಡಲಿಲ್ಲ. ದೃಶ್ಯವನ್ನು ಕೆಮ್ಮಿಲ್ಲದೆ ಒಮ್ಮೆ, ಕೆಮ್ಮಿನೊಂದಿಗೆ ಒಮ್ಮೆ ತೋರಿಸಿದರು. ಎರಡನೆಯದು ಮುಗಿದಾಗ ನಿರ್ದೇಶಕ ಕ್ಯಾಮೆರಾದಿಂದ ಮುಖ ತಿರುಗಿಸಿದ್ದ. ನೀವು ಹೇಳುವುದು ಸರಿ ಎಂದ. ತನ್ನ ತಂದೆ ಆಸ್ಪತ್ರೆಯಲ್ಲಿದ್ದಾರೆ, ತನ್ನನ್ನು ಒಳಗೆ ಬಿಡುತ್ತಿಲ್ಲ ಎಂದ. ಆಂಬುಲೆನ್ಸ್ ಬರುವ ಮುಂಚೆ ರಾತ್ರಿಯೆಲ್ಲ ಗೋಡೆಯಾಚೆಯಿಂದ ಕೇಳುತ್ತಿದ್ದದ್ದು ಇದೇ ಸದ್ದು. ಎಡಿಟ್ ಮುಗಿಯುವವರೆಗೆ ದಿನವೂ ಇದನ್ನು ಕೇಳುತ್ತ ಕೂರಲು ತನ್ನಿಂದಾಗದು ಎಂದ.

ನಮಗೆ ಇದಾವುದೂ ಗೊತ್ತಿರಲಿಲ್ಲ. ಅಂಕಲ್ ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿದರು. "ನಿಮ್ಮ ತಂದೆಯ ಹೆಸರೇನು?" ಎಂದು ಕೇಳಿದರು. ಅವನು ಹೇಳಿದ. "ಅವರಿಗಾಗಿ ಪ್ರಾರ್ಥನೆ ಮಾಡ್ತೀನಿ. ಸಂಜೆಯೊಳಗೆ ಹೊಸದು ಕಳಿಸ್ತೀನಿ," ಎಂದರು.

ಮಧ್ಯಾಹ್ನವೆಲ್ಲ ಆ ತೆರಪನ್ನು ತುಂಬಲು ಪ್ರಯತ್ನಿಸಿದರು. ಒಣಹುಲ್ಲಿನ ಮೇಲೆ ಮೈ ಕುಸಿಯುವ ಸದ್ದು ಹಾಕಿದರು. ದೊಡ್ಡ ವಾಲಬಿಗೆ ತಮ್ಮದೇ ಉಸಿರನ್ನು ಕೊಟ್ಟರು. ಯಾವುದೂ ಕೆಮ್ಮಿಗೆ ಸಮನಾಗಲಿಲ್ಲ. ಅದು ಅವರಿಗೂ ಗೊತ್ತಿತ್ತು.

"ನೀವು ಹೇಳಿದ್ದೇ ಸರಿ ಇತ್ತಲ್ಲ ಅಂಕಲ್," ಎಂದೆ, ಕಳಿಸುವ ಮೊದಲು.

"ಸರಿ ಇತ್ತು. ಅದಕ್ಕೇನೀಗ?" ಎಂದರು.

ಚಿತ್ರ ಕೆಮ್ಮಿಲ್ಲದೆಯೇ ಹೊರಬಂತು. ಯಾರೂ ಏನೂ ಕೇಳಲಿಲ್ಲ. ವಿಜ್ಞಾನಿ ಮಾತ್ರ ನನಗೆ ಫೋನ್ ಮಾಡಿ ಕಾರಣ ಕೇಳಿದರು, ಹೇಳಿದೆ. ನಿರ್ದೇಶಕನ ತಂದೆ ಸೊರಗಿ, ಕೋಲೂರಿಕೊಂಡು, ಆದರೆ ಜೀವಂತವಾಗಿ ಮನೆಗೆ ಬಂದರು. ಅದಾದ ಮೇಲೆ ನಿರ್ದೇಶಕ ಪ್ರತಿ ಈದ್‌ಗೆ ಅಂಕಲ್ ಮನೆಗೆ ಬರತೊಡಗಿದ. ಬಿರಿಯಾನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮತ್ತೆ ಹಾಕಿಸಿಕೊಳ್ಳುತ್ತಿದ್ದ. ನನ್ನ ಕೆಲಸವೂ ಉಳಿಯಿತು. ಅಂಕಲ್ ಕೇಳಿಕೊಂಡಿದ್ದರೋ, ಅವನೇ ಉಳಿಸಿದನೋ, ನಾನು ವಿಚಾರಿಸಲಿಲ್ಲ.

ಕೆಲವು ವರ್ಷಗಳಲ್ಲಿ ಅಂಕಲ್ ಕಿವಿ ಮಂದವಾಗುತ್ತ ಬಂತು. ಮೊದಲು ಹೋದದ್ದು ಸಣ್ಣ ಸದ್ದುಗಳು, ಎಲೆ, ಬಟ್ಟೆ, ಬೆರಳು. ಯಂತ್ರ ಹಾಕಿಕೊಂಡರೆ ಎಲ್ಲವೂ ತಗಡಿನ ಹಾಗೆ ಕೇಳುತ್ತದೆಂದು ಕಿತ್ತು ಜೇಬಿಗೆ ಹಾಕುತ್ತಿದ್ದರು. ಕೆಲಸ ಬಿಟ್ಟರು. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣಿಗೆ ನಿರ್ದೇಶಕನೂ ಬಂದಿದ್ದ. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದ ಮೇಲೂ ಅವನು ಅಲ್ಲೇ ನಿಂತಿದ್ದ.

ಅದರ ಹಿಂದಿನ ಬೇಸಿಗೆಯಲ್ಲಿ ನಾನು ಅಂಕಲ್ ಮತ್ತು ಆಂಟಿಯನ್ನು ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅಲ್ಲಿನ ಲಾ ಹೋಯಾ ಕಡಲತೀರದ ಬಂಡೆಗಳ ಮೇಲೆ ಎರಡು ದೊಡ್ಡ ಗಂಡು ಕಡಲಸಿಂಹಗಳು ಎದುರೆದುರು ಕತ್ತೆತ್ತಿ, ಎದೆಯಿಂದ ಎದೆಯನ್ನು ನೂಕುತ್ತಿದ್ದವು. ದಾರಿಯ ಕಂಬಿಗೆ ಒರಗಿ ಅಂಕಲ್ ಬಹಳ ಹೊತ್ತು ನೋಡಿದರು.

"ಏನಂತಿವೆ?" ಎಂದರು.

"ಜೋರಾಗಿ ಬೊಗಳ್ತಾ ಉಂಟು," ಎಂದು ಅವರ ಕಿವಿಯ ಹತ್ತಿರ ಹೇಳಿದೆ.

"ಜೋರು ಅನ್ನೋದು ಸದ್ದಲ್ಲಮ್ಮ. ಸದ್ದು ಹೇಳು."

ಪದ ಹುಡುಕಿದೆ. ಸಿಗಲಿಲ್ಲ. ಹಿಂದೆ ಮುಂದೆ ಪ್ರವಾಸಿಗರು, ಐಸ್‌ಕ್ರೀಮ್ ಹಿಡಿದ ಮಕ್ಕಳು. ಹತ್ತು ಜನರ ಮುಂದೆ ಹಾಡಿದವಳಲ್ಲ ನಾನು. ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಹೊಟ್ಟೆಯೊಳಗಿಂದ, ಆ ಬಂಡೆಯ ಮೇಲಿನ ಪ್ರಾಣಿಯ ಹಾಗೆಯೇ ಕೂಗಿದೆ. ಒಂದು ಮಗು ಐಸ್‌ಕ್ರೀಮ್ ಬೀಳಿಸಿತು. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಂಕಲ್ ನಗಲಿಲ್ಲ. ಒಮ್ಮೆ ನನ್ನ ಬಾಯನ್ನು, ಒಮ್ಮೆ ಬಂಡೆಯನ್ನು ನೋಡಿ, "ಎಡಗಡೇದರ ಸದ್ದು ಇನ್ನೂ ಸ್ವಲ್ಪ ದಪ್ಪ ಇರಬೇಕು," ಎಂದರು.

ನಾನು ಇನ್ನೊಮ್ಮೆ ಕೂಗಿದೆ.