ಫೇಯ್ ದಂಡನಾಯಕನ ದನಿ

ಶೆನ್ ಯೂಲಾನ್‌ಗೆ ಗಂಡನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿರುವವನಿಗೆ ಒಂದಿಷ್ಟು ತೂಕವಾದರೂ ಇರಬೇಕು. ಫೇಯ್ ಝೊಂಗ್‌ಲಿಯಾಂಗ್‌ಗೆ ಇದ್ದದ್ದು ದನಿ ಮಾತ್ರ. ಶಾಂಘೈಯ ಹತ್ತಿಗಿರಣಿಯಲ್ಲಿ ಆಕೆ ಮಗ್ಗದ ಮುಂದೆ ಬೆವರುತ್ತಿದ್ದಾಗ ಅವನು ಮೈಕಿನ ಮುಂದೆ ಕೂತು ಪಾಳಿ ಬದಲಾಯಿತೆಂದು ಕೂಗುತ್ತಿದ್ದ. ಗಿರಣಿ ಮುಚ್ಚಿದ ಮೇಲೆ ಆಕೆ ಓಣಿಯ ತುದಿಯಲ್ಲಿ ಬಾಣಲೆಯಿಟ್ಟು ಹಂದಿಮಾಂಸ ತುಂಬಿದ ಬನ್ನು ಬೇಯಿಸಿ ಮಾರತೊಡಗಿದಳು. ಅವನು ಕಚೇರಿ ಕಟ್ಟಡವೊಂದರ ಗೇಟು ಕಾಯಲು ನಿಂತ. ಪಾದ ಚಪ್ಪಟೆಯೆಂದು ಹರೆಯದಲ್ಲಿ ಸೈನ್ಯ ಅವನನ್ನು ಬೇಡವೆಂದಿತ್ತು. ಆ ಉರಿ ಇನ್ನೂ ಆರಿರಲಿಲ್ಲ.

ಆ ಕಟ್ಟಡದ ಮೇಲಿನ ಮಹಡಿಯಲ್ಲಿ ವಿಡಿಯೋ ಗೇಮ್ ಮಾಡುವವರಿದ್ದರು. ಇನ್ನು ಕೆಲವೇ ವರ್ಷಗಳಲ್ಲಿ ಲೋಕವೆಲ್ಲ ಕಾದಾಡುತ್ತದೆಂಬ ಕಥೆಯ ಮೇಲೆ ಹೆಣೆದ ಆಟ. ಗುಂಡಿ ಒತ್ತಬೇಕಿಲ್ಲ, ಬಾಯಲ್ಲಿ ಅಪ್ಪಣೆ ಕೊಟ್ಟರೆ ತೆರೆಯ ಮೇಲಿನ ಟ್ಯಾಂಕುಗಳು ಹೊರಡಬೇಕು. ಅದಕ್ಕಾಗಿ ಯಂತ್ರಕ್ಕೆ ತರಾವರಿ ಗಂಟಲುಗಳನ್ನು ಕೇಳಿಸಬೇಕಿತ್ತು. ಚಿಯು ಲೇ ಎಂಬ ಎಂಜಿನಿಯರ್, ಫೇಯ್ ಗೇಟಿನಲ್ಲಿ ಸೈಕಲ್ಲಿನವರನ್ನು ಗದರುವುದನ್ನು ಕೇಳಿ ಮೇಲಕ್ಕೆ ಕರೆದೊಯ್ದ.

ಅಲ್ಲಿಗೆ ಮುಗಿಯಿತು. "ಎರಡನೇ ದಳ, ಸೇತುವೆ ಹಿಡಿ" ಎಂದರೆ ಎರಡನೇ ದಳ ಸೇತುವೆ ಹಿಡಿಯುತ್ತಿತ್ತು. ಫೇಯ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಡೆಯತೊಡಗಿದ.

"ಇವತ್ತು ಪ್ಯಾರಿಸ್ ತಗೊಂಡೆ," ಎಂದ ಊಟಕ್ಕೆ ಕೂತಾಗ.

"ಬರೋವಾಗ ಸೋಯಾ ಸಾಸ್ ತಗೊಂಡು ಬನ್ನಿ ಅಂದಿದ್ದೆ."

"ನಿಂಗೆ ಇದೆಲ್ಲ ಅರ್ಥ ಆಗಲ್ಲ."

"ಆ ಯುದ್ಧದಲ್ಲಿ ನಮ್ಮ ದೇಶದ ಕಡೆಯವರು ಯಾರಿದ್ದಾರೆ?"

ಫೇಯ್ ಚಾಪ್‌ಸ್ಟಿಕ್ಕಿನಿಂದ ಅನ್ನ ಬಾಯಿಗೆ ತುರುಕಿಕೊಂಡ. "ನಾವಿಲ್ಲ. ಅಮೆರಿಕ, ಯುರೋಪು, ರಷ್ಯಾ ಅಷ್ಟೇ."

"ಅಂದ್ರೆ ಅಲ್ಲೂ ಪರರ ಗೇಟು ಕಾಯೋ ಕೆಲಸವೇ ಅನ್ನಿ, ದಂಡನಾಯಕರೇ."

ಓಣಿಯ ಐದು ಮನೆಗಳಿಗೆ ಅಡುಗೆಮನೆ ಒಂದೇ. ಒಂದು ಭಾನುವಾರ ಮಧ್ಯಾಹ್ನ ಪಾನ್ ಎಂಬ ನೆರೆಮನೆಯ ಮುದುಕಿಯ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ, ಜ್ವಾಲೆ ಗೋಡೆಯ ಕ್ಯಾಲೆಂಡರಿಗೆ ಹಾರಿತು. ಬಾಗಿಲಲ್ಲಿ ನಿಂತಿದ್ದ ಫೇಯ್ ಎದೆಯುಬ್ಬಿಸಿ, "ಒಂದನೇ ದಳ, ನೀರು! ಎರಡನೇ ದಳ, ಕಿಟಕಿ!" ಎಂದು ಕೂಗಿದ. ಯಾರು ಒಂದನೆಯವರು, ಯಾರು ಎರಡನೆಯವರು ಎಂದು ತಿಳಿಯದೆ ಜನ ಅವನ ಬಾಯಿ ನೋಡುತ್ತ ನಿಂತರು. ಅವನೂ ಬಾಗಿಲು ಬಿಟ್ಟು ಕದಲಲಿಲ್ಲ. ಯೂಲಾನ್ ಗಂಡನನ್ನು ಭುಜದಿಂದ ಪಕ್ಕಕ್ಕೆ ನೂಕಿ ಒಳನುಗ್ಗಿದಳು. ತೊಟ್ಟಿಯಲ್ಲಿ ನೆನೆಹಾಕಿದ್ದ ರಜಾಯಿಯನ್ನು ಹಿಂಡಿ ಬಾಣಲೆಯ ಮೇಲೆ ಹೊದಿಸಿ, ಉರಿಯುತ್ತಿದ್ದ ಕ್ಯಾಲೆಂಡರನ್ನು ಕಿತ್ತು ತುಳಿದಳು. ಅಷ್ಟರಲ್ಲಿ ಮುದುಕಿಯ ಮೊಣಕೈ ಬೆಂದುಹೋಗಿತ್ತು.

ಸಂಜೆ ಫೇಯ್ ಓಣಿಯ ಬಾಯಲ್ಲಿ ಬಿದಿರು ಕುರ್ಚಿ ಹಾಕಿಕೊಂಡು, ತಾನು ಬೆಂಕಿಯನ್ನು ಹೇಗೆ ಹತೋಟಿಗೆ ತಂದೆ ಎಂದು ಬಣ್ಣಿಸುತ್ತಿದ್ದ. ಯೂಲಾನ್ ಮುದುಕಿಯ ಕೈಗೆ ಮುಲಾಮು ಹಚ್ಚುತ್ತ ಅದನ್ನೆಲ್ಲ ಕೇಳಿಸಿಕೊಂಡಳು.

"ನಿನ್ನ ಗಂಡ ಹೇಳ್ತಿರೋದು ಯಾವ ಬೆಂಕಿ ಕಥೆನೇ?" ಎಂದಳು ಪಾನ್.

"ಅವ್ರ ಬೆಂಕೀನೇ ಬೇರೆ, ಅಜ್ಜಿ. ಅದರಲ್ಲಿ ಯಾರ ಕೈಯೂ ಸುಡಲ್ಲ."

ಆಟ ಮಾರುಕಟ್ಟೆಗೆ ಬಂದಾಗ ಮೇಲಿನ ಮಹಡಿಯವರು ಒಂದು ಸಣ್ಣ ಪಾರ್ಟಿ ಇಟ್ಟರು. ಫೇಯ್ ಮದುವೆಯ ಕೋಟು ತೊಟ್ಟು ಹೆಂಡತಿಯನ್ನೂ ಕರೆದುಕೊಂಡು ಹೋದ. ಅವನು ಕಲ್ಲಂಗಡಿ ಹೋಳು ಕೈಯಲ್ಲಿ ಹಿಡಿದು ಯಾರಿಗೋ ರಣನೀತಿ ವಿವರಿಸುತ್ತಿದ್ದಾಗ ಯೂಲಾನ್ ಚಿಯು ಲೇಯನ್ನು ಕೇಳಿದಳು: "ಆಟದಲ್ಲಿ ಇವ್ರ ದನಿ ಎಲ್ಲಪ್ಪಾ ಇರೋದು?"

ಹುಡುಗನ ಕಿವಿ ಕೆಂಪಾಯಿತು. "ಅಮ್ಮಾ, ಫೇಯ್ ಅವರಿಗೆ ಹೇಳ್ಬೇಡಿ. ಅವರು ವಿಪರೀತ ಕಿರುಚ್ತಾರೆ, ಮಾತೇ ಒಡೆದುಹೋಗುತ್ತೆ. ತೆರೆ ಮೇಲೆ ದಳ ನಡೆಸ್ತಿದ್ದದ್ದು ನಾವೇ, ಗುಂಡಿ ಒತ್ತಿ. ಆದ್ರೂ ಉಪಯೋಗಕ್ಕೆ ಬಂತು. ಯಾವ ಸದ್ದನ್ನ ಕಿವಿಗೆ ಹಾಕ್ಕೋಬಾರದು ಅಂತ ಯಂತ್ರಕ್ಕೆ ಕಲಿಸಿದ್ದು ಅದರಿಂದ್ಲೇ. ನಾಯಿ ಬೊಗಳೋದು, ಫ್ಯಾನಿನ ಸದ್ದು, ಆಮೇಲೆ ಅವರದ್ದು."

ಯೂಲಾನ್ ನಗಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿ ತಾನು ಕಲಿತದ್ದನ್ನು ಆ ಯಂತ್ರ ಒಂದೇ ಚಳಿಗಾಲದಲ್ಲಿ ಕಲಿತಿತ್ತಲ್ಲ ಎಂದುಕೊಂಡಳು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಫೇಯ್ ಕೇಳಿದ: "ಆ ಹುಡುಗ ಏನಂದ ನನ್ನ ವಿಷ್ಯ?"

ಒಂದೇ ಮಾತಿನಿಂದ ಅವನನ್ನು ನೆಲಕ್ಕೆ ಇಳಿಸಬಹುದಿತ್ತು. ಆದರೆ ಹೇಳಿದರೆ ಅಳುತ್ತಾನೆ. ಅತ್ತರೆ ಸಮಾಧಾನ ಮಾಡಬೇಕು. ನಾಳೆಯ ಬನ್ನಿಗೆ ಹಿಟ್ಟು ಬೇರೆ ಕಲಸುವುದಿದೆ. ಇವನಿಗಾಗಿ ಅಷ್ಟು ಶ್ರಮ ದಂಡವೆಂದು ಅವಳಿಗೆ ಅನಿಸಿತು.

"ನಿಮ್ಮಿಂದ ಯಂತ್ರ ಬಹಳ ಕಲೀತಂತೆ," ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಫೇಯ್ ಕೋಟಿನ ಗುಂಡಿ ಸರಿಮಾಡಿಕೊಂಡು, ಮುಂದೆ ನಿಂತಿದ್ದವನಿಗೆ ಪಕ್ಕಕ್ಕೆ ಸರಿಯುವಂತೆ ಅಪ್ಪಣೆ ಕೊಟ್ಟ. ಆತ ಸರಿಯಲಿಲ್ಲ.