ಬೇಲಿಯೊಳಗಿನ ಹಿಕ್ಕೆ

ಹುಲ್ಲು ಬೆಳೆಯುವುದನ್ನು ನೋಡುವುದಕ್ಕೂ ಪಿಎಚ್‌ಡಿ ಕೊಡುತ್ತಾರಾ ಎಂದು ನಮ್ಮಮ್ಮ ಮೊದಲ ವರ್ಷ ಕೇಳಿದಾಗ ನಕ್ಕಿದ್ದೆ. ನಾಲ್ಕನೆಯ ವರ್ಷ ಅದನ್ನೇ ಕೇಳಿದಾಗ ನಗು ಬರಲಿಲ್ಲ.

ಕೆಲಸ ಹೇಳುವುದಕ್ಕೇನೋ ಸುಲಭ. ಊರಿನ ಕುರಿ, ದನ ಮೇಯುವ ಗೋಮಾಳದಲ್ಲಿ ಒಂದು ತುಂಡು ಜಾಗಕ್ಕೆ ಬೇಲಿ ಹಾಕಿ, ಯಾವ ಪ್ರಾಣಿಯೂ ಒಳಗೆ ಕಾಲಿಡದಂತೆ ನೋಡಿಕೊಳ್ಳಬೇಕು. ಮೇಯದೆ ಬಿಟ್ಟ ನೆಲದಲ್ಲಿ ಯಾವ ಹುಲ್ಲು ಬರುತ್ತದೆ, ಮಣ್ಣು ಹೇಗೆ ಬದಲಾಗುತ್ತದೆ ಎಂದು ವರ್ಷವೂ ಅಳೆಯಬೇಕು. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ, ತಾಲ್ಲೂಕಿಗೊಂದು ಬೇಲಿ. ಒಂದರಿಂದ ಇನ್ನೊಂದಕ್ಕೆ ನೇರ ಬಸ್ಸು ಸಿಕ್ಕಿದ ದಿನ ನನಗೆ ಹಬ್ಬ. ಮಿಕ್ಕ ದಿನಗಳಲ್ಲಿ ಮಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕಂಡಕ್ಟರ್ ಜೊತೆ ಲಗೇಜು ಟಿಕೆಟ್ಟಿನ ಜಗಳ. ಆ ಮಣ್ಣು ಯಾವ ದೇವಸ್ಥಾನದ್ದು ಎಂದು ಕೇಳಿದವರೂ ಉಂಟು.

ಶಿರಾ ತಾಲ್ಲೂಕಿನ ಬೇಲಿ ಇದ್ದದ್ದು ಹುಲಿಕುಂಟೆಯ ಕಡೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಅಣ್ಣನೊಬ್ಬ ಕಂಬ ನೆಟ್ಟ ದಿನವೇ ತಗಾದೆ ತೆಗೆದಿದ್ದ. "ಕುರಿ ಮೇಯೋ ಜಾಗಕ್ಕೆ ಬೇಲಿ ಹಾಕ್ತೀಯಲ್ಲ ಮೇಡಮ್ಮ, ಯಾವ ನ್ಯಾಯ ಇದು?" ಬಿಸಿಲಲ್ಲಿ ಉದ್ದುದ್ದ ವಿವರಿಸುವ ತ್ರಾಣ ನನಗಿರಲಿಲ್ಲ. ಇದರೊಳಗೆ ಹುಲ್ಲು ಹೇಗೆ ಬರುತ್ತದೆ ನೋಡಬೇಕು ಅಣ್ಣ, ಇದೇ ನನ್ನ ಪರೀಕ್ಷೆ ಎಂದುಬಿಟ್ಟೆ. ಪರೀಕ್ಷೆ ಎಂದ ಮೇಲೆ ಅವನು ತಣ್ಣಗಾದ. ಮಧ್ಯಾಹ್ನ ಅವನ ಹೆಂಡತಿ ಚೊಂಬಿನ ತುಂಬ ಮಜ್ಜಿಗೆ ತಂದಳು. ಆಮೇಲೆ ನಾನು ಅಲ್ಲಿಗೆ ಹೋದಾಗಲೆಲ್ಲ ಮಜ್ಜಿಗೆ ಬರುತ್ತಿತ್ತು.

ನಾಲ್ಕನೆಯ ವರ್ಷದ ಮಳೆಗಾಲದ್ದೇ ಕೊನೆಯ ಅಳತೆ. ಅದಾದರೆ ಬರೆದು ಒಪ್ಪಿಸುವುದು, ಮನೆಗೆ ಹೋಗಿ ಮಲಗುವುದು. ಫೆಲೋಶಿಪ್ಪೂ ಅಲ್ಲಿಗೇ ಮುಗಿಯುತ್ತಿತ್ತು. ಮೇ ತಿಂಗಳಲ್ಲಿ ಪಾವಗಡದ ಕೆಲಸ ಮುಗಿಸಿ, ಬೆನ್ನು ಬಿದ್ದುಹೋಗುವಷ್ಟು ಸುಸ್ತಾಗಿ ಹುಲಿಕುಂಟೆಗೆ ಬಂದರೆ, ಬೇಲಿಯ ತಂತಿ ನೆಟ್ಟಗಿದೆ, ಒಳಗೆ ನೆಲವೆಲ್ಲ ಕರ್ರಗೆ ಕುರಿ ಹಿಕ್ಕೆ. ಗಂಜಲದ ವಾಸನೆ ದೂರಕ್ಕೇ ಹೊಡೆಯುತ್ತಿತ್ತು. 

"ಯಾರಣ್ಣ ಇಲ್ಲಿ ಕುರಿ ಬಿಟ್ಟಿದ್ದು?"

"ನಾವೇ ಕಣಮ್ಮ. ಹೋದ್ ಸರ್ತಿ ಬಂದಾಗ ನೀನು ತಲೆ ಮೇಲೆ ಕೈ ಹೊತ್ಕಂಡು ಕುಂತಿದ್ದೆ ನೋಡು, ಹುಲ್ಲು ಬಡಕಲಾಗೈತೆ, ಪಾಪ ಆಯಮ್ಮ ಫೇಲಾಗ್ಬುಟ್ರೆ ಹೆಂಗೆ ಅಂತ ನಮ್ಮನೆಯೋಳು ಅಂದ್ಲು. ಅದಕ್ಕೇ ಎರಡು ಮೂರು ರಾತ್ರಿ ಮಂದೆ ನಿಲ್ಲಿಸ್ಬುಟ್ಟೆ. ಮಳೆ ಬೀಳ್ಲಿ, ಆಮೇಲೆ ನೋಡು."

ನಾನು ತಲೆಯ ಮೇಲೆ ಕೈ ಹೊತ್ತದ್ದು ತಲೆನೋವಿಗೆ. ಅದನ್ನು ಯಾರಿಗೆ ಹೇಳಲಿ?

ಈ ಕಡೆಯ ಹೊಲದವರು ಮಳೆಗೆ ಮುಂಚೆ ಕುರಿಮಂದೆಯನ್ನು ರಾತ್ರಿ ಹೊಲದಲ್ಲೇ ತಂಗಿಸಿಕೊಳ್ಳುತ್ತಾರೆ. ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ರಾಗಿ ಅಳೆದುಕೊಟ್ಟು, ಊಟ ಹಾಕಿ, ಸರದಿ ಕಾದು ಕರೆಸುತ್ತಾರೆ. ಅಂಥದ್ದನ್ನು ಅವನು ನನಗೆ ಪುಕ್ಕಟೆ, ಕೇಳದೆಯೇ ಕೊಟ್ಟಿದ್ದ. ಮೈಯೆಲ್ಲ ಉರಿಯುತ್ತಿತ್ತು. ಬಾಯಿಗೆ ಬಂದದ್ದು ಗಂಟಲಲ್ಲೇ ನಿಂತಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಆಯ್ತಣ್ಣ" ಎಂದೆ. ಮಜ್ಜಿಗೆ ಬಂತು, ಕುಡಿದೆ.

ಗೈಡ್‌ಗೆ ಫೋನ್ ಮಾಡಿದೆ. ನಾಲ್ಕರಲ್ಲಿ ಒಂದು ಬೇಲಿ ಕೆಟ್ಟಿತು ಎಂದೆ. ಅವರು "ಮೂರು ಕಾಲಿನ ಮಂಚದ ಮೇಲೆ ಮಲಗೋಕಾಗುತ್ತೇನಮ್ಮ?" ಎಂದರು. ಪಕ್ಕದಲ್ಲೇ ಹೊಸ ಬೇಲಿ ಹಾಕಬೇಕು, ಇನ್ನೆರಡು ಮಳೆಗಾಲವಾದರೂ ಅಳೆಯಬೇಕು. ಫೆಲೋಶಿಪ್ ಇಲ್ಲದ ಎರಡು ವರ್ಷ. ತುಮಕೂರಿನ ಟ್ಯುಟೋರಿಯಲ್ ಒಂದರಲ್ಲಿ ಬೆಳಿಗ್ಗೆ ಸಂಜೆ ಪಾಠಕ್ಕೆ ಸೇರಿಕೊಂಡೆ. ಅಮ್ಮ ಈಗ ಏನೂ ಕೇಳುವುದನ್ನೇ ಬಿಟ್ಟಳು. ಅದು ಇನ್ನೂ ಕಷ್ಟವಾಯಿತು.

ಹೊಸ ಬೇಲಿ ಯಾಕೆ ಎಂದು ಅಣ್ಣ ಕೇಳಿದಾಗ ಇನ್ನೊಂದು ಪರೀಕ್ಷೆ ಎಂದೆ. ಮಳೆ ಬಿದ್ದ ಮೇಲೆ ಹಳೆಯ ಬೇಲಿಯೊಳಗೆ ಹುಲ್ಲು ಸೊಂಟದೆತ್ತರ ಬಂತು. ಇಡೀ ಗೋಮಾಳದಲ್ಲಿ ಅಂಥ ಹುಲ್ಲು ಇರಲಿಲ್ಲ. ಅಣ್ಣ ಹೋಗಿಬರುವವರನ್ನೆಲ್ಲ ಕರೆದು ತೋರಿಸುತ್ತಿದ್ದ. "ನಮ್ಮ ಮೇಡಮ್ಮ ಪಾಸು ಕಣ್ಲಾ" ಎನ್ನುತ್ತಿದ್ದ. ನನ್ನ ಪಾಲಿಗೆ ಅದರ ಒಂದು ಎಸಳೂ ಲೆಕ್ಕಕ್ಕಿಲ್ಲ. ಚೆನ್ನಾಗಿ ಬಂದೈತೆ ಅಣ್ಣ ಎಂದು ನಾನೂ ತಲೆಯಾಡಿಸಿದೆ.

ಮರುವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಬಸ್ಸಿಳಿದು ಹೋದರೆ, ಅವನು ಮಂದೆ ಹೊಡೆದುಕೊಂಡು ಬಂದು ಹೊಸ ಬೇಲಿಯ ತಂತಿ ಬಿಚ್ಚುತ್ತಿದ್ದಾನೆ. ಓಡಿಹೋಗಿ ಕೈ ಹಿಡಿದೆ. ಬೇಡ ಅಣ್ಣ ಎಂದೆ. "ಯಾಕಮ್ಮ, ಹೋದ್ ವರ್ಷ ಹೆಂಗೆ ಬಂದಿತ್ತು" ಎಂದ. ಓಡಿ ಬಂದ ಏದುಸಿರು, ಹಸಿವು, ವರ್ಷವಿಡೀ ಒಳಗಿಟ್ಟುಕೊಂಡದ್ದು ಎಲ್ಲ ಸೇರಿ ಹೇಳಿಯೇಬಿಟ್ಟೆ. ಕುರಿ ಕಾಲಿಡದ ನೆಲ ನನಗೆ ಬೇಕಿತ್ತು, ನಿನ್ನ ಮಂದೆಯಿಂದ ನನಗೆ ಎರಡು ವರ್ಷ ಹೋಯಿತು, ಸಂಬಳವಿಲ್ಲದೆ ಅಲೆಯುತ್ತಿದ್ದೇನೆ ಎಂದೆ. ದನಿ ಏರಿಸಲಿಲ್ಲ, ಅದಕ್ಕೂ ಶಕ್ತಿಯಿರಲಿಲ್ಲ.

ಅವನು ತಂತಿಯನ್ನು ಮತ್ತೆ ಸುತ್ತಿ ಬಿಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಅವತ್ತೇ ಬೈದಿದ್ರೆ ಆಗೋಗಿರೋದು ಕಣಮ್ಮ. ಒಂದು ವರ್ಷ ನಮ್ಮನೆ ಮಜ್ಜಿಗೆ ಕುಡ್ಕಂಡು, ಚೆನ್ನಾಗಿ ಬಂದೈತೆ ಅಂದೆ. ನಾನು ಊರಿಗೆಲ್ಲ ತೋರಿಸ್ಕಂಡು ಬಂದೆ."

ಮಂದೆಯನ್ನು ತಿರುಗಿಸಿಕೊಂಡು ಹೋದ. ಈಗ ಅವನ ಕುರಿಗಳು ಗೋಮಾಳದ ಆ ಕಡೆಯಿಂದ ಸುತ್ತಿ ಹೋಗುತ್ತವೆ. ನನ್ನ ಬೇಲಿಯ ಹತ್ತಿರ ಬೇರೆಯವರ ಕುರಿ ಬಂದರೂ ಅಟ್ಟುತ್ತಾನಂತೆ. ಎದುರಾದರೆ "ನಮಸ್ಕಾರ ಮೇಡಂ" ಎಂದು ಮುಂದೆ ಹೋಗುತ್ತಾನೆ. ನಾನು ಬಾಟಲಿಯಲ್ಲಿ ನೀರು ಒಯ್ಯುತ್ತೇನೆ. ಬೇಲಿಯೊಳಗೆ ಒಂದು ಹಿಕ್ಕೆಯೂ ಇಲ್ಲ, ಗೈಡ್‌ಗೆ ತುಂಬಾ ಸಂತೋಷವಾಗಿದೆ.