ಕಸ್ಟಮ್ಸ್ ಕೌಂಟರಿನ ಎಡ ತುದಿಯಲ್ಲಿ

ನಾನು ನಿಂತಿದ್ದದ್ದು ಕೌಂಟರಿನ ಎಡ ತುದಿಯಲ್ಲಿ, ಗೋಡೆಗೆ ಬೆನ್ನು ತಾಗುವಷ್ಟು ಹತ್ತಿರ. ಪಕ್ಕದಲ್ಲಿ ಕಿಟಕಿ, ಅದರಾಚೆ ಲಾರಿಗಳು ಸಾಲಾಗಿ ನಿಲ್ಲುವ ಅಂಗಳ. ಮೂರು ವರ್ಷದ ಹಿಂದೆ, ಅಕ್ಟೋಬರ್ ತಿಂಗಳ ಒಂದು ಮಂಗಳವಾರ. ಕಸ್ಟಮ್ಸ್ ಕಚೇರಿಯ ಬಾಗಿಲು ತೆರೆದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಆಮೇಲೆ ನನ್ನನ್ನು ವಿಚಾರಿಸಿದ ಪ್ರತಿಯೊಬ್ಬರೂ ಮೊದಲು ಕೇಳಿದ್ದು ಇದನ್ನೇ: ನೀವು ಎಲ್ಲಿ ನಿಂತಿದ್ದಿರಿ?

ನಾನು ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸದವನು. ಏನು ಮೊದಲಾಯಿತು, ಏನು ಆಮೇಲಾಯಿತು ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಆದರೂ ಆ ಬೆಳಗಿನದನ್ನು ಬರೆಯಲು ಕೂತಾಗೆಲ್ಲ ಹೊಟ್ಟೆಯ ಮೇಲೆ ಯಾರೋ ತಣ್ಣನೆಯ ಬೆರಳಿಟ್ಟ ಹಾಗಾಗುತ್ತದೆ.

ನನ್ನ ಬಲಕ್ಕೆ ನಿಂತಿದ್ದವರು ಡಾಕ್ಟರ್. ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಬಹುಕಾಲ ಅರಿವಳಿಕೆ ಕೊಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಕೊಡವರು. ನಾನು ಮೈಸೂರಿನವನೆಂದು ತಿಳಿದ ದಿನದಿಂದ ನನ್ನನ್ನು ಮಾರಾಯ ಎಂದೇ ಕರೆದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಕಡಿಮೆ. ಇಲ್ಲಿನ ಬೇಟೆಗಾರರ ಕಷ್ಟದ ಪರೀಕ್ಷೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಪಾಸಾದವರು. ನಿವೃತ್ತ ಬಡಗಿಯೊಬ್ಬರ ಜೊತೆ ಸೇರಿ ಊರಾಚೆಯ ಒಂದು ಕಾಡಿನಲ್ಲಿ ಬೇಟೆಯ ಗುತ್ತಿಗೆ ಹಿಡಿದಿದ್ದರು. ಹಂದಿ ಹೊಲಕ್ಕೆ ನುಗ್ಗಿದರೆ ರೈತರು ಫೋನ್ ಮಾಡುತ್ತಿದ್ದದ್ದು ಇವರಿಬ್ಬರಿಗೆ.

"ಊರಲ್ಲಿ ನಮ್ಮ ಮನೆ ಕೋವಿಗೆ ಲೈಸೆನ್ಸೇ ಬೇಡ ಮಾರಾಯ," ಎನ್ನುತ್ತಿದ್ದರು. "ಇಲ್ಲಿ ನೋಡು, ನನಗೆ ಇರೋದು ಒಂದು ಪಾಸ್‌ಪೋರ್ಟು. ನನ್ನ ಕೋವಿಗೆ ಮೂರು."

ಆ ನವೆಂಬರಿನಲ್ಲಿ ಅವರೂ ಬಡಗಿಯೂ ನಮೀಬಿಯಾಕ್ಕೆ ಬೇಟೆಗೆ ಹೋಗುವವರಿದ್ದರು. ಕೋವಿಯನ್ನು ಯುರೋಪಿನಿಂದ ಹೊರಗೆ ಒಯ್ಯುವವರು ಹೊರಡುವ ಮೊದಲೇ ಅದನ್ನು ಕಸ್ಟಮ್ಸ್ ಕಚೇರಿಗೆ ತಂದು ತೋರಿಸಬೇಕು. ಕೋವಿಯ ಮೇಲಿನ ನಂಬರನ್ನು ಅಲ್ಲಿನ ಅಧಿಕಾರಿ ತಮ್ಮ ಕಣ್ಣಿಂದಲೇ ಓದಿ ಕಾಗದಕ್ಕೆ ಮುದ್ರೆ ಒತ್ತುತ್ತಾರೆ. ಹೋದದ್ದೂ ತಿರುಗಿ ಬಂದದ್ದೂ ಇದೇ ಕೋವಿ, ಹೊರಗಿನಿಂದ ಹೊಸದು ತಂದಿಲ್ಲ ಎನ್ನುವುದಕ್ಕೆ ಆ ಕಾಗದ ಸಾಕ್ಷಿ. ಬಡಗಿ ಹಿಂದಿನ ವಾರವೇ ತಮ್ಮದನ್ನು ಮಾಡಿಸಿಕೊಂಡಿದ್ದರು. ಡಾಕ್ಟರ ಕಾರು ಚಳಿಗಾಲದ ಟೈರಿಗಾಗಿ ವರ್ಕ್‌ಶಾಪಿನಲ್ಲಿತ್ತು. ಹಾಗಾಗಿ ನಾನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಬೀಗ ಹಾಕಿದ ಉದ್ದನೆಯ ಪೆಟ್ಟಿಗೆ ಡಿಕ್ಕಿಯಲ್ಲಿತ್ತು. ಕೀಲಿ ಅವರ ಕೋಟಿನ ಜೇಬಿನಲ್ಲಿತ್ತು.

ಕಚೇರಿಯಲ್ಲಿ ನಮಗಿಂತ ಮುಂಚೆ ಬಂದು ಬೆಂಚಿನ ಮೇಲೆ ಕೂತಿದ್ದ ಮಹಿಳೆಯ ಪಕ್ಕ ಒಂದು ಚೆಲ್ಲೋ ವಾದ್ಯದ ಪೆಟ್ಟಿಗೆ ಆಳೆತ್ತರ ನಿಂತಿತ್ತು. ಸಂಗೀತ ಕಛೇರಿ ಕೊಡಲು ಜಪಾನಿಗೆ ಹೋಗುವವರಂತೆ. ವಾದ್ಯಕ್ಕೂ ಅದೇ ಕಾಗದ ಬೇಕು. ಅವರು ನಮ್ಮ ಪೆಟ್ಟಿಗೆ ನೋಡಿ, "ನಿಮ್ಮದು ಯಾವ ವಾದ್ಯ?" ಎಂದರು.

"ಒಂದೇ ಸ್ವರದ್ದು," ಎಂದರು ಡಾಕ್ಟರ್. "ಆದರೆ ದೂರದವರೆಗೆ ಕೇಳುತ್ತದೆ."

ಆಕೆ ನಕ್ಕರು. ತಮ್ಮ ಕಾಗದ ಒಳಗಿನ ಕೋಣೆಯಿಂದ ಮುದ್ರೆಯಾಗಿ ಬರಲೆಂದು ಕಾಯುತ್ತಿದ್ದುದರಿಂದ ನಮ್ಮನ್ನು ಮುಂದೆ ಹೋಗಲು ಬಿಟ್ಟರು.

ಕೌಂಟರಿನ ಹಿಂದಿದ್ದ ಅಧಿಕಾರಿ ಮೂವತ್ತರ ಆಸುಪಾಸಿನ ಹೆಂಗಸು. ಕೌಂಟರಿನ ಮೇಲೆ ಬೂದು ಬಣ್ಣದ ಒಂದು ದಪ್ಪ ಬಟ್ಟೆ ಹಾಸಿದರು. ಡಾಕ್ಟರ್ ಪೆಟ್ಟಿಗೆ ತೆರೆದರು. ತೆರೆದವರು ಕೋವಿಯನ್ನು ಎತ್ತುವ ಮೊದಲು ಬಲಗೈಯಿಂದ ಅದನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಅವರು ಯಾವಾಗಲೂ ಹಾಗೆ ಮಾಡುತ್ತಿದ್ದರು. ಅಧಿಕಾರಿ ಹುಬ್ಬೇರಿಸಿದರು. ಆಮೇಲೆ ಡಾಕ್ಟರ್ ಕೋವಿಯನ್ನು ಎರಡೂ ಕೈಯಿಂದ ಎತ್ತಿ, ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಬೇಕಾಗಿ ಬಂದದ್ದರಿಂದ, ನನ್ನತ್ತ ತಿರುಗಿ ಕನ್ನಡದಲ್ಲಿ, "ಒಂಚೂರು ಹಿಡಿ ಮಾರಾಯ," ಎಂದರು.

ನಾನು ಕೈ ಚಾಚಿದೆ. ಅಧಿಕಾರಿಗೆ ಭಾಷೆ ತಿಳಿಯದಿದ್ದರೂ ಕೈ ತಿಳಿಯಿತು. "ಆ ಮಹನೀಯರ ಹತ್ತಿರ ಲೈಸೆನ್ಸ್ ಇದೆಯೆ?" ಎಂದರು.

"ಇಲ್ಲ."

"ಹಾಗಾದರೆ ಅವರು ಮುಟ್ಟುವಂತಿಲ್ಲ."

ಡಾಕ್ಟರ್ ನಕ್ಕು ತಪ್ಪಾಯಿತೆಂದರು. ಊರಿನಲ್ಲಿ ಕೋವಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುವುದನ್ನು ಕಂಡು ಬೆಳೆದವರು. ಪೆಟ್ಟಿಗೆಯನ್ನು ನಾನು ಸರಿಸಿದೆ. ಹಾಗೆ ಸರಿಸುತ್ತ ನಾನು ಒಂದು ಹೆಜ್ಜೆ ಎಡಕ್ಕೆ, ಗೋಡೆಯ ಕಡೆಗೆ ಹೋದೆ. ಅವರು ಕೋವಿಯನ್ನು ಬಟ್ಟೆಯ ಮೇಲೆ ಅಡ್ಡಲಾಗಿ ಮಲಗಿಸಿದರು. ನಳಿಗೆ ನನ್ನ ಕಡೆಗಿತ್ತು.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ.

ಅಧಿಕಾರಿ ಕೇಳಿದರು: "ಖಾಲಿ ಇದೆಯಲ್ಲ?" ಡಾಕ್ಟರ್ ಹೇಳಿದರು: "ಖಂಡಿತ." ಅಧಿಕಾರಿ ಬಗ್ಗಿ ನಂಬರನ್ನು ಓದಿದರು. ಬೆಳಕು ಸಾಲಲಿಲ್ಲವೆಂದು ಕೋವಿಯನ್ನು ಸ್ವಲ್ಪ ಓರೆ ಮಾಡಲು ಹೇಳಿದರು. ಡಾಕ್ಟರ್ ಓರೆ ಮಾಡಿದರು. ನಂಬರ್ ಕಾಗದಕ್ಕೆ ಸರಿ ಹೊಂದಿತು. ಅಧಿಕಾರಿ ಮುದ್ರೆಗೆ ಕೈ ಹಾಕಿದವರು, ಏನು ನೆನಪಾಯಿತೋ, "ದಯವಿಟ್ಟು ಬೋಲ್ಟ್ ಒಮ್ಮೆ ತೆರೆಯಿರಿ," ಎಂದರು. ಡಾಕ್ಟರ್ ನಳಿಗೆಯ ಹಿಂಬದಿಯನ್ನು ಮುಚ್ಚುವ ಆ ಬೋಲ್ಟಿನ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರು.

ತೋಟಾ ಹೊರಗೆ ಹಾರಿ, ಕೌಂಟರಿನ ಗಾಜಿಗೆ ಬಡಿದು, ಅಂಚಿನವರೆಗೆ ಉರುಳಿ ನೆಲಕ್ಕೆ ಬಿತ್ತು. ನೆಲದ ಮೇಲೂ ಉರುಳಿತು. ಚೆಲ್ಲೋ ಪೆಟ್ಟಿಗೆಯ ಚಕ್ರಕ್ಕೆ ತಾಗಿ ನಿಂತಿತು. ಹಿತ್ತಾಳೆ ಬಣ್ಣದ್ದು, ನನ್ನ ಮಧ್ಯದ ಬೆರಳಿಗಿಂತ ಉದ್ದ. ಗುಂಡು ಅದರ ತುದಿಯಲ್ಲಿಯೇ ಇತ್ತು.

ಅಧಿಕಾರಿ ಬಹಳ ಮೆಲ್ಲಗೆ, "ಕೈ ತೆಗೆಯಿರಿ. ಹಿಂದೆ ಸರಿಯಿರಿ. ಎಲ್ಲರೂ," ಎಂದರು. ಡಾಕ್ಟರ್ ಕೈ ತೆಗೆದರು. ಅವರು ತೋಟಾ ನೋಡುತ್ತಿರಲಿಲ್ಲ. ನಳಿಗೆಯ ಬಾಯಿಂದ ನನ್ನ ಸ್ವೆಟರಿನವರೆಗಿನ ಖಾಲಿ ಜಾಗವನ್ನು ನೋಡುತ್ತಿದ್ದರು.

ಪೊಲೀಸರು ಬಂದರು. ಕೋವಿಯನ್ನು ಒಯ್ದರು. ನಮ್ಮೆಲ್ಲರ ವಿಳಾಸ ಬರೆದುಕೊಂಡರು. ಅವರ ಮಾತಿನಲ್ಲಿ ಕಟುವಾದದ್ದೇನೂ ಇರಲಿಲ್ಲ. ಆದರೆ ಮುಂದೇನೆಂದು ಡಾಕ್ಟರಿಗೂ ನನಗೂ ಅಲ್ಲೇ ಗೊತ್ತಿತ್ತು. ಈ ದೇಶದಲ್ಲಿ ಕೋವಿ ಇಟ್ಟುಕೊಳ್ಳುವವನು ನಂಬಿಕೆಗೆ ಅರ್ಹನಾಗಿರಬೇಕು. ತುಂಬಿದ ಕೋವಿಯನ್ನು ಖಾಲಿ ಎಂದು ಕೌಂಟರಿನ ಮೇಲಿಟ್ಟವನ ಲೈಸೆನ್ಸನ್ನು ಜಿಲ್ಲಾ ಕಚೇರಿ ಕಿತ್ತುಕೊಳ್ಳಬಹುದು. ಕಿತ್ತುಕೊಂಡರೆ ಮನೆಯಲ್ಲಿ ಕೋವಿಯಿಲ್ಲ, ಕಾಡಿನ ಗುತ್ತಿಗೆಯಿಲ್ಲ. ಅವರ ವಯಸ್ಸಿಗೆ ಮತ್ತೆ ಸಿಗುವುದಿಲ್ಲ.

ಕಾರಿನಲ್ಲಿ ಕೂತ ಮೇಲೆ ಅವರು ಸೀಟ್ ಬೆಲ್ಟ್ ಹಾಕಿಕೊಳ್ಳಲಿಲ್ಲ. ಕಾರು ಬೆಲ್ಟಿಗಾಗಿ ಕೂಗುತ್ತಿತ್ತು. ನಾನೇ ಬಗ್ಗಿ ಹಾಕಿದೆ.

"ಅಕ್ಕ ಹೋದ್ರಲ್ಲ," ಎಂದರು.

ಹಿಂದಿನ ತಿಂಗಳು ಕೊಡಗಿನಲ್ಲಿ ಅವರ ಅಕ್ಕ ತೀರಿಕೊಂಡದ್ದು ನನಗೆ ಗೊತ್ತಿತ್ತು. ಇವರಿಗೆ ಟಿಕೆಟ್ ಸಿಗುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು.

"ಸಾವಾದ್ರೆ ನಮ್ಮಲ್ಲಿ ಎರಡು ಗುಂಡು ಹಾರಿಸ್ತೀವಿ, ಗೊತ್ತಲ್ಲ ನಿಂಗೆ. ಬೆಟ್ಟದಾಚೆಯವರಿಗೆ ಕೇಳಬೇಕು, ಇಂಥ ಮನೇಲಿ ಒಬ್ರು ಹೋದ್ರು ಅಂತ. ವಿಡಿಯೋ ಕಾಲಲ್ಲಿ ನೋಡ್ದೆ. ಅಂಗಳದಲ್ಲಿ ಹುಡುಗ ಕೋವಿ ಎತ್ತಿದ. ಹೊಗೆ ಬಂತು. ಶಬ್ದ ಬರ್ಲಿಲ್ಲ."

"ನೆಟ್‌ವರ್ಕಾ?"

"ಅಳೋದು ಕೇಳ್ತಿತ್ತು. ನಾಯಿ ಬೊಗಳೋದು ಕೂಡ ಕೇಳ್ತಿತ್ತು. ಗುಂಡು ಮಾತ್ರ ಇಲ್ಲ. ದೊಡ್ಡ ಶಬ್ದ ಬಂದ್ರೆ ಗಲಾಟೆ ಅಂದ್ಕೊಂಡು ಫೋನೇ ಅದನ್ನ ಕತ್ತರಿಸಿ ಹಾಕುತ್ತಂತೆ. ನಮ್ಮ ಅಕ್ಕನ ಗುಂಡನ್ನ ಗಲಾಟೆ ಅಂತು, ಬಡ್ಡಿಮಗಂದು."

ಅದಕ್ಕೇ ಅವರು ಆ ವಿಡಿಯೋ ಕಾಲಿನ ಮರುದಿನ ಸಂಜೆ ಗುತ್ತಿಗೆ ಕಾಡಿಗೆ ಹೋಗಿದ್ದರಂತೆ. ಎರಡು ತೋಟಾ ತುಂಬಿದರು. ರೈಫಲಿನ ಗುಂಡು ಆಕಾಶಕ್ಕೆ ಹೋದರೆ ಎಲ್ಲಿ ಬೀಳುತ್ತದೋ ಹೇಳಲಾಗದು. ಅದಕ್ಕೆ ಒಂದು ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಒಂದನ್ನು ಹಾರಿಸಿದರು. ಬೋಲ್ಟ್ ಎಳೆದು ಎರಡನೆಯದನ್ನು ನಳಿಗೆಗೆ ಏರಿಸುವಷ್ಟರಲ್ಲಿ ದಾರಿಯಲ್ಲಿ ಒಬ್ಬಳು ಹುಡುಗಿ ಕುದುರೆಯ ಮೇಲೆ ಬಂದಳು. ಇನ್ನೊಂದು ಸದ್ದಾದರೆ ಕುದುರೆ ಬೆದರುತ್ತದೆ. ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಿ ನಿಂತರು. ಹುಡುಗಿ ನಿಂತು ಮಾತಾಡಿಸಿದಳು. ಹಂದಿ ಸಿಕ್ಕಿತೆ ಎಂದು ಕೇಳಿದಳು. ಇವರು ಇಲ್ಲವೆಂದರು. ಅವಳು ಹೋಗುವಷ್ಟರಲ್ಲಿ ಇವರಿಗೆ ಅಳು ಬಂದಿತ್ತು. ಕೋವಿಯನ್ನು ಚೀಲಕ್ಕೆ ಹಾಕಿ, ಮನೆಗೆ ಬಂದು, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಜೀವಮಾನದಲ್ಲಿ ಬೋಲ್ಟ್ ತೆಗೆದು ನೋಡದೆ ಕೋವಿ ಒಳಗಿಟ್ಟವನಲ್ಲ ನಾನು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ಸೇಫ್ಟಿ ಜಾರಿದ್ರೆ ನಿನ್ನ ಮಗಳಿಗೆ ಏನು ಹೇಳ್ತಿದ್ದೆ ನಾನು?" ಎಂದರು.

ಕಾರು ಹೊರಡಿಸಲು ಹೋದವನು ಎಂಜಿನ್ ಆರಿಸಿದೆ. ಆ ಅಂಗಳದಲ್ಲಿ ಬಹಳ ಹೊತ್ತು ಕೂತಿದ್ದೆವು.

ಜಿಲ್ಲಾ ಕಚೇರಿಯಿಂದ ನನಗೆ ಪತ್ರ ಬಂತು. ಕಂಡದ್ದನ್ನು ಬರೆದು ಕಳಿಸಬೇಕು. ಪತ್ರ ಬಂದ ಸಂಜೆಯೇ ಬಡಗಿ ನಮ್ಮ ಮನೆಗೆ ಬಂದರು. ಟೋಪಿ ತೆಗೆಯದೆ ಅಡುಗೆಮನೆಯಲ್ಲಿ ಕೂತು ನೇರವಾಗಿ ವಿಷಯಕ್ಕೆ ಬಂದರು.

"ಬೋಲ್ಟ್ ತೆರೆದದ್ದು ಯಾರು?"

"ಡಾಕ್ಟರೇ."

"ಸರಿ. ತಾನಾಗಿ ತೆರೆದನೋ, ಹೇಳಿಸಿಕೊಂಡು ತೆರೆದನೋ? ತಾನಾಗಿಯೇ ಎಂದರೆ, ಪರೀಕ್ಷೆ ಮಾಡುವ ಅಭ್ಯಾಸವಿದ್ದ ಮನುಷ್ಯ, ಒಮ್ಮೆ ಎಡವಿದ ಎಂದಾಗುತ್ತದೆ. ವಕೀಲ ಹೇಳಿದ. ಆ ಹೆಂಗಸು ಬಗ್ಗಿಕೊಂಡು ಓದುತ್ತಿದ್ದಳು, ಅವಳಿಗೆ ಕ್ರಮ ಸರಿಯಾಗಿ ನೆನಪಿದೆಯೋ ಇಲ್ಲವೋ. ನೀನು ಬರೆದದ್ದೇ ತೂಕ."

"ಹೇಳಿದ ಮೇಲೆ ತೆರೆದರು."

"ಒಂದು ವಾಕ್ಯ," ಎಂದರು ಬಡಗಿ. "ಒಂದೇ ಒಂದು ವಾಕ್ಯ ಹಿಂದುಮುಂದು."

ಒಳಗಿನಿಂದ ಮಗಳು ಜರ್ಮನ್‌ನಲ್ಲಿ, "ಅಪ್ಪಾ, ಯಾರ ಜೊತೆ ಜಗಳ?" ಎಂದು ಕೇಳಿದಳು. ಯಾರ ಜೊತೆಯೂ ಇಲ್ಲವೆಂದೆ.

ಮರುದಿನ ಡಾಕ್ಟರ ಮನೆಗೆ ಹೋದೆ. ಬಡಗಿ ಬಂದದ್ದನ್ನು ಹೇಳಿದೆ. ಅವರು ಕಾಫಿ ಸೋಸುತ್ತಿದ್ದರು.

"ನೀನು ಎಲ್ಲಿ ನಿಂತಿದ್ದೆ?" ಎಂದರು.

"ನಳಿಗೆ ಮುಂದೆ."

"ಮತ್ತೆ? ಅಲ್ಲಿ ನಿಂತವನು ಕಂಡದ್ದನ್ನ ನಾನು ತಿದ್ದಲಾ, ಬಡಗಿ ತಿದ್ದಲಾ? ಬರಿ ಮಾರಾಯ. ಸಕ್ಕರೆ ಎಷ್ಟು?"

ಬರೆದೆ. ಅಧಿಕಾರಿ ಕೇಳಿದರು, ಡಾಕ್ಟರ್ ಖಂಡಿತ ಎಂದರು, ಅಧಿಕಾರಿ ತೆರೆಯಲು ಹೇಳಿದರು, ಆಮೇಲೆ ಡಾಕ್ಟರ್ ತೆರೆದರು. ಅಕ್ಕನ ವಿಷಯ ಬರೆಯಲಿಲ್ಲ; ಅದನ್ನು ನಾನು ಕಂಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಚೆಲ್ಲೋದ ಮಹಿಳೆಯೂ ಬರೆದರೆಂದು ಆಮೇಲೆ ತಿಳಿಯಿತು. ಚಳಿಗಾಲ ಮುಗಿಯುವ ಮೊದಲು ತೀರ್ಮಾನ ಬಂತು. ಅದರಲ್ಲಿ ನನ್ನ ವಾಕ್ಯ ಹಾಗೆಯೇ ಇತ್ತು, ನಾನು ಹಾಕಿದ್ದ ಅಲ್ಪವಿರಾಮ ಸಮೇತ. ಲೈಸೆನ್ಸ್ ಹೋಯಿತು. ನಮೀಬಿಯಾ ಪ್ರವಾಸವನ್ನು ಇಬ್ಬರೂ ಮೊದಲೇ ಬಿಟ್ಟಿದ್ದರು. ಕೋವಿಯನ್ನು ಕಾನೂನಿನಂತೆ ಲೈಸೆನ್ಸ್ ಇದ್ದವರಿಗೆ ವರ್ಗಾಯಿಸಬೇಕಿತ್ತು. ಬಡಗಿ ತೆಗೆದುಕೊಂಡರು. ಒಂದಷ್ಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಡಾಕ್ಟರ್ ನನ್ನ ಜೊತೆ ಮಾತು ಬಿಡಲಿಲ್ಲ. ಭಾನುವಾರಗಳಲ್ಲಿ ಊಟಕ್ಕೆ ಬರುತ್ತಿದ್ದರು. ಆದರೆ ಊರಾಚೆಯ ಆ ಕಾಡಿನ ರಸ್ತೆಗೆ ಕಾರು ತಿರುಗಿಸಿದರೆ, "ಬೇರೆ ದಾರಿ ಇಲ್ವಾ?" ಎನ್ನುತ್ತಿದ್ದರು. ಕೋವಿಯ ಕಪಾಟನ್ನು ಮಾರಲಿಲ್ಲ. ಅದರಲ್ಲಿ ಅಕ್ಕಿ ಇಟ್ಟಿದ್ದರು. ಕಳೆದ ಬೇಸಿಗೆಯಲ್ಲಿ ಹೃದಯಾಘಾತವಾಗಿ, ತಾವೇ ಕೆಲಸ ಮಾಡಿದ್ದ ಆಸ್ಪತ್ರೆಯಲ್ಲಿ ಹೋದರು.

ಅಂತ್ಯಕ್ರಿಯೆ ಮುಗಿದ ಮೇಲೆ ಬಡಗಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ನಿಮ್ಮವರಲ್ಲಿ ಎರಡು ಎಂದು ಹೇಳುತ್ತಿದ್ದ. ಎರಡೇ ತಾನೆ?"

"ಎರಡೇ," ಎಂದೆ. ಆಮೇಲೆ ಅಕ್ಕನ ಕಥೆ ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಡಾಕ್ಟರ್ ಅವರಿಗೆ ಮರೆತೆ ಎಂದಷ್ಟೇ ಹೇಳಿದ್ದರು.

"ಹಾಗಾದರೆ ಮೂರು," ಎಂದರು.

ಮಾರನೆಯ ದಿನ ಅದೇ ದಿಬ್ಬಕ್ಕೆ ಹೋದೆವು. ಅದೇ ಕೋವಿ. ಬಡಗಿ ದಾರಿಯ ಎರಡೂ ಕಡೆ ನೋಡಿ ಬಂದರು, ಕುದುರೆ ಇರಲಿಲ್ಲ. ನನ್ನನ್ನು ತಮ್ಮ ಬೆನ್ನ ಹಿಂದೆ ನಿಲ್ಲಿಸಿದರು. ಮೊದಲು ಒಂದು, ಅಕ್ಕನದು. ತಡೆದು ಎರಡು, ಡಾಕ್ಟರದು. ಆ ಸದ್ದು ನನ್ನ ಹೊಟ್ಟೆಯೊಳಗೇ ಆಯಿತು. ಅಷ್ಟು ಜೋರಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಮುಗಿದ ಮೇಲೆ ಅವರು ಬೋಲ್ಟ್ ತೆರೆದು, ನಳಿಗೆಯೊಳಗೆ ಬೆರಳಿಟ್ಟು ನೋಡಿ, ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಒಳಗೆ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ. ನೋಡಿದೆ ಎಂದು ನಾನು ಬಾಯಿಬಿಟ್ಟು ಹೇಳುವವರೆಗೆ ಅವರು ಮುಚ್ಚಲಿಲ್ಲ.

ಇಷ್ಟು ನಾನು ಕಂಡದ್ದು. ಕೌಂಟರಿನ ಮೇಲೆ ತೋಟಾ ಹೊರಬಿದ್ದಾಗ ಆ ಕೋಣೆಯಲ್ಲಿ ನಾಲ್ವರಿದ್ದೆವು. ಡಾಕ್ಟರ್ ಇಲ್ಲ. ಅಧಿಕಾರಿ ಇದ್ದಾರೆ, ಈಗ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕೆಲಸ, ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಂದ ಬಂದಿಳಿದಾಗ ನನ್ನ ಗುರುತು ಹಿಡಿದು ತಲೆ ಬಾಗಿಸಿದರು. ಚೆಲ್ಲೋ ನುಡಿಸುವ ಮಹಿಳೆ ಇದ್ದಾರೆ. ನಮ್ಮೂರಿನ ಸಭಾಂಗಣದ ಮುಂದಿನ ಹಲಗೆಯ ಮೇಲೆ ಈ ವಾರವೂ ಅವರ ಚಿತ್ರವಿದೆ. ನಾನಿದ್ದೇನೆ.